ಕೆರೆ ಸ್ಟಾಪಿಗೆ ಪುಕ್ಕಟೆ ವಿಹಾರ

ಹೆಂಡತಿ: ಕಾಸು ಖರ್ಚಾಗಲ್ಲ ಅಂತ ಇನ್ನೆಷ್ಟು ಸಲ ಹೇಳಲಿ?

ಡ್ರೈವರ್: ಈ ಬಡಾವಣೇಲಿ ಕಾಸು ಖರ್ಚಾಗದ ಜಾಗ ಒಂದೇ ಒಂದು. ಈ ಸೋಫಾ.

ಹೆಂಡತಿ: ಅದಕ್ಕೂ ಕಂತು ಕಟ್ಟಿದ್ದೀವಿ.

ಡ್ರೈವರ್: ಅದಕ್ಕೇ ಅದರ ಮೇಲಿಂದ ಏಳ್ತಾ ಇಲ್ಲ.

ವಾರದ ರಜೆಯ ಬೆಳಿಗ್ಗೆ. ಒಂದು ಅಡುಗೆಮನೆ, ಒಂದು ಮಲಗುವ ಕೋಣೆ, ಸೋಫಾ ಹಾಕಿದ ಮೇಲೆ ಮೈ ಓರೆ ಮಾಡಿಕೊಂಡೇ ದಾಟಬೇಕಾದ ನಡುಮನೆ. ಸೋಫಾದ ಮೇಲೆ ಕಂಬಳಿ ಹೊದ್ದು ಮಲಗಿದ್ದವನು ಸಿಟಿ ಬಸ್ಸಿನ ಡ್ರೈವರ್. ಹಸಿರು ಶಾಲು ಹೊದ್ದು, ಕೈಚೀಲ ಹಿಡಿದು, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದವಳು ಅವನ ಹೆಂಡತಿ. ಜಗಳದಲ್ಲಿ ಯಾರು ಗೆಲ್ಲುತ್ತಾರೆ ಎಂಬುದು ಆ ಚಪ್ಪಲಿ ನೋಡಿದರೇ ತಿಳಿಯುತ್ತಿತ್ತು. ಆದರೆ ಮುಂದಿನ ಗಾಜಿನಲ್ಲಿ ಕಾಣದ ಯಾವುದೂ ನಮ್ಮ ಡ್ರೈವರಿಗೆ ಬೇಗ ತಿಳಿಯುವುದಿಲ್ಲ.

ಹೆಂಡತಿ: ನಾಳೆಯಿಂದ ನಿಮಗೆ ಗೋದಾಮಿನ ಕಡೆ ರೂಟು. ಬೆಳಕು ಹರಿಯೋ ಮುಂಚೆ ಹೊರಟುಬಿಡ್ತೀರಿ. ಅದಕ್ಕೇ ಇವತ್ತೇ ಹೋಗ್ಬೇಕು. ಬಸ್ಸಲ್ಲಿ. ನೀವು ನನ್ನ ಪಕ್ಕದಲ್ಲಿ ಕೂತ್ಕೊಂಡು.

ಡ್ರೈವರ್: ದಿನಾ ಬಸ್ಸಲ್ಲೇ ಕೂತಿರ್ತೀನಲ್ಲೇ.

ಹೆಂಡತಿ: ಬೆನ್ನು ತೋರಿಸ್ಕೊಂಡು.

ಡ್ರೈವರ್: ಮುಖ ತೋರಿಸ್ಕೊಂಡು ಓಡಿಸಿದ್ರೆ ಕೆಲಸದಿಂದ ತೆಗೀತಾರೆ.

ಹೆಂಡತಿ: ಊರಿನವರನ್ನೆಲ್ಲ ತಿರುಗಾಡಿಸಿಕೊಂಡು ಬರ್ತೀರಿ. ಕಟ್ಟಿಕೊಂಡವಳು ಒಬ್ಬಳು ಉಳಿದಿದ್ದಾಳೆ.

ಡ್ರೈವರ್ ಅವಳನ್ನು ಓರೆಗಣ್ಣಿನಿಂದ ನೋಡಿದ. ಕಂಬಳಿಯನ್ನು ಗಲ್ಲದವರೆಗೆ ಎಳೆದುಕೊಂಡ.

ಡ್ರೈವರ್: ಸರಿ, ಹೋಗೋದು ಅಂತ್ಲೇ ಇಟ್ಕೋ. ಎಲ್ಲಿಗೆ?

ಹೆಂಡತಿ: ಲೈಬ್ರರಿ ಇದೆ.

ಡ್ರೈವರ್: ಗೊತ್ತು. ಆ ಸ್ಟಾಪಲ್ಲಿ ಹತ್ತೋ ಮಕ್ಕಳು ಬ್ಯಾಗನ್ನ ಬಾಗಿಲಿಗೆ ಸಿಕ್ಕಿಸ್ತಾರೆ.

ಹೆಂಡತಿ: ಒಳಗೆ ಏನಿದೆ ಗೊತ್ತಾ?

ಡ್ರೈವರ್: ಪುಸ್ತಕ ಇರಬೇಕು.

ಹೆಂಡತಿ: ಒಂದು ದುಂಡು ಮೇಜಿದೆ. ಯಾವ ದೇಶದವರು, ಯಾವ ಭಾಷೆಯವರು ಬೇಕಾದ್ರೂ ಬಂದು ಕೂತು ಮಾತಾಡಬಹುದು. ಪುಕ್ಕಟೆ.

ಡ್ರೈವರ್: ಮಾತಾಡಕ್ಕೆ ಮೇಜು ಯಾಕೆ? ನೀನು ಬಾಗಿಲಲ್ಲಿ ನಿಂತೇ ಮಾತಾಡ್ತಿದ್ದೀಯಲ್ಲ.

ಹೆಂಡತಿ: ಹಾಗಾದ್ರೆ ಮ್ಯೂಸಿಯಂ. ಇವತ್ತು ಎಲ್ಲರಿಗೂ ಬಿಟ್ಟಿ ಪ್ರವೇಶ.

ಡ್ರೈವರ್: ಗೊತ್ತು. ಅಲ್ಲಿ ಬರೋ ಎಡ ತಿರುವು ನನ್ನ ಅರ್ಧ ಆಯಸ್ಸು ತಿಂದಿದೆ.

ಹೆಂಡತಿ: ಆ ತಿರುವಲ್ಲೇ ಕಲ್ಲಿನ ಕುದುರೆ ಇದೆ. ಆನೆ ಗಾತ್ರ.

ಡ್ರೈವರ್: ಕುದುರೇನಾ? ಸುಮ್ನಿರೇ. ದಿನಾ ಹೋಗೋನು ನಾನು. ಅಲ್ಲಿರೋದು 'ನಿಧಾನವಾಗಿ ಚಲಿಸಿ' ಅನ್ನೋ ಬೋರ್ಡು.

ಹೆಂಡತಿ: ಆ ಬೋರ್ಡಿನ ಹಿಂದೆ ಕುದುರೆ.

ಡ್ರೈವರ್: ಬೋರ್ಡು ಓದೋನು ಡ್ರೈವರು. ಬೋರ್ಡಿನ ಹಿಂದೆ ನೋಡೋರು ಪ್ರಯಾಣಿಕರು.

ಹೆಂಡತಿ: ಸರಿ, ಅದೂ ಬೇಡ. ಕೆರೆಗೆ ಹೋಗೋಣ.

ಕಂಬಳಿ ಥಟ್ಟನೆ ಕೆಳಗಿಳಿಯಿತು.

ಡ್ರೈವರ್: ಕೆರೆ ಯಾಕೆ? ಲೈಬ್ರರಿ ಎಷ್ಟು ಚೆನ್ನಾಗಿದೆ.

ಹೆಂಡತಿ: ಈಗ ತಾನೇ ಮೇಜು ಯಾಕೆ ಅಂದ್ರಿ.

ಡ್ರೈವರ್: ಯೋಚನೆ ಮಾಡಿದೆ. ಮೇಜು ಇರಬೇಕು. ಮೇಜಿಲ್ಲದೆ ಮನುಷ್ಯ ಹೇಗೆ ಮಾತಾಡ್ತಾನೆ? ಕೆರೇಲಿ ಏನಿದೆ, ಬರೀ ಸೊಳ್ಳೆ.

ಹೆಂಡತಿ: ನಿಮ್ಮ ರೂಟಿನ ಕೊನೇ ಸ್ಟಾಪು ಅದು. ದಿನಾ ಅಲ್ಲಿ ಬಸ್ಸು ನಿಲ್ಲಿಸಿ ಸುಧಾರಿಸಿಕೊಳ್ತೀರಿ. ಕೆರೆ ಹೇಗಿದೆ ಹೇಳಿ ನೋಡೋಣ.

ಡ್ರೈವರ್: ಹೇಗಿದೆ ಅಂದ್ರೆ... ಕೆರೆ ಥರಾ ಇದೆ.

ಹೆಂಡತಿ: ನೀರಿದೆಯಾ?

ಡ್ರೈವರ್: ಇರಬೇಕು. ತೆಗೆದಿದ್ರೆ ಡಿಪೋದಲ್ಲಿ ಹೇಳ್ತಿದ್ರು.

ಅಷ್ಟರಲ್ಲಿ ಮೇಲಿನ ಮನೆ ಅಜ್ಜಿ ಮೆಟ್ಟಿಲಿಳಿದು ಬಂದಳು. ಯಾವುದೋ ದೂರದ ದೇಶದವಳು. ಕನ್ನಡದ ಒಂದಕ್ಷರವೂ ಬಾರದು. ಕೈಯಲ್ಲಿ ಅವಳ ಭಾಷೆಯ ದಿನಪತ್ರಿಕೆ. ಅದನ್ನು ಹೆಂಡತಿಯ ಕೈಗಿಟ್ಟು, ಸೋಫಾದ ಕಡೆ ತೋರಿಸಿ, ತನ್ನ ಭಾಷೆಯಲ್ಲಿ ಉದ್ದವಾಗಿ ಏನೋ ಕೇಳಿದಳು. ಹೆಂಡತಿ ಅಚ್ಚ ಕನ್ನಡದಲ್ಲಿ, ಏಳಿಸ್ತಾ ಇದ್ದೀನಿ ಅಜ್ಜಿ, ಏಳ್ತಾ ಇಲ್ಲ, ಎಂದಳು. ಅಜ್ಜಿ ನಿಟ್ಟುಸಿರಿಟ್ಟು, ಅವಳ ಬೆನ್ನು ಸವರಿ, ಮತ್ತೆ ಮೆಟ್ಟಿಲು ಹತ್ತಿದಳು.

ಡ್ರೈವರ್: ಅಜ್ಜಿಗೆ ಕನ್ನಡ ಬರುತ್ತಾ?

ಹೆಂಡತಿ: ಇಲ್ಲ.

ಡ್ರೈವರ್: ನಿನಗೆ ಅವರ ಭಾಷೆ?

ಹೆಂಡತಿ: ಇಲ್ಲ.

ಡ್ರೈವರ್: ಮತ್ತೆ ಇಬ್ಬರೂ ಏನು ಮಾತಾಡ್ಕೊಳ್ತೀರಿ?

ಹೆಂಡತಿ: ಗಂಡಂದಿರ ವಿಷಯ. ಅದಕ್ಕೆ ಭಾಷೆ ಬೇಕಾ?

ಡ್ರೈವರಿನ ಕಣ್ಣು ಮಾತ್ರ ಆ ದಿನಪತ್ರಿಕೆಯ ಮೇಲೇ ಇತ್ತು. ಹೆಂಡತಿ ಅದನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಾಗ ಅವನ ಮುಖ ಹುಳ್ಳಗಾಯಿತು. ಇನ್ನು ವಾದ ಮಾಡಿದರೆ ಗುಟ್ಟು ಬಯಲಾದೀತು ಎಂದುಕೊಂಡನೋ ಏನೋ, ಎದ್ದು ನಿಂತ. ಒಂದು ಕಾಸು ಖರ್ಚಾದರೂ ಅಲ್ಲಿಂದಲೇ ವಾಪಸ್ಸು ಎಂದು ಕರಾರು ಹಾಕಿದ. ಅವಳು ಒಪ್ಪಿದಳು. ಒಳಗೆ ಹೋಗಿ ಬಂದವನು ತೊಟ್ಟಿದ್ದು ಡಿಪೋ ಕೊಟ್ಟ ಖಾಕಿ ಕೋಟು.

ಹೆಂಡತಿ: ರಜೆಯ ದಿನ ಇದನ್ಯಾಕೆ ಹಾಕಿದ್ರಿ?

ಡ್ರೈವರ್: ಪುಕ್ಕಟೆ ವಿಹಾರಕ್ಕೆ ಪುಕ್ಕಟೆ ಕೋಟು.

*

ಬಸ್ಸು ಬಂತು. ಓಡಿಸುತ್ತಿದ್ದವನು ಹಾರ್ನಣ್ಣ. ನಾಯಿ ಅಡ್ಡ ಬಂದರೂ ಹಾರ್ನು, ನಾಯಿ ದಾರಿ ಬಿಟ್ಟರೆ ಅದಕ್ಕೆ ಥ್ಯಾಂಕ್ಸ್ ಹೇಳಲು ಇನ್ನೊಂದು ಹಾರ್ನು. ಡಿಪೋದಲ್ಲಿ ಆ ಹೆಸರು ಬಿದ್ದದ್ದು ಹಾಗೆ. ಗಂಡ ಅಭ್ಯಾಸಬಲದಿಂದ ಮುಂದಿನ ಬಾಗಿಲಿಗೆ ಹೋದ. ಹೆಂಡತಿ ಅಭ್ಯಾಸಬಲದಿಂದ ಹಿಂದಿನ ಬಾಗಿಲಿಗೆ ಹೋದಳು. ಜೋಡಿಯಾಗಿ ಕೂರಬೇಕಾದ ವಿಹಾರ ಹೀಗೆ ಎರಡು ಬಾಗಿಲಿನಿಂದ ಶುರುವಾಯಿತು. ಅವಳು ನೇರವಾಗಿ ಕೊನೆಯ ಸೀಟಿನ ಕಿಟಕಿ ಪಕ್ಕ ಕೂತಳು. ಅವನು ಹಾರ್ನಣ್ಣನ ಬಳಿ ನಿಂತು ಟೈರಿನ ಗಾಳಿ ವಿಚಾರಿಸತೊಡಗಿದ. ಅವಳು ಹಿಂದಿನಿಂದ ಕೆಮ್ಮಿದಳು. ಅವನು ಬಂದು ಕೂತ.

ಹೆಂಡತಿ: ಈಗ ಕಿಟಕಿ ಹೊರಗೆ ನೋಡಿ.

ಡ್ರೈವರ್: ಇವನು ಮುಂದಿನ ಗಾಡಿಗೆ ಎಷ್ಟು ಹತ್ತಿರ ಹೋಗ್ತಾನೆ ನೋಡು.

ಹೆಂಡತಿ: ಹೊರಗೆ ಅಂದೆ.

ಡ್ರೈವರ್: ಅದೂ ಹೊರಗೇ ಇದೆ.

ಹೆಂಡತಿ: ಕಾಲು ಯಾಕೆ ನೆಲಕ್ಕೆ ಒತ್ತುತಾ ಇದ್ದೀರಿ?

ಡ್ರೈವರ್: ಬ್ರೇಕು.

ಹೆಂಡತಿ: ಇಲ್ಲಿ ಬ್ರೇಕಿಲ್ಲ.

ಡ್ರೈವರ್: ಅದೇ ಭಯ.

ಬಸ್ಸು ಎಡಕ್ಕೆ ತಿರುಗಿತು. ಹೆಂಡತಿ ಅವನ ಗಲ್ಲ ಹಿಡಿದು ಕಿಟಕಿಯ ಕಡೆ ತಿರುಗಿಸಿದಳು. ಬೋರ್ಡಿನ ಹಿಂದೆ, ಮುಂಗಾಲು ಎತ್ತಿ, ಎರಡು ಆಳೆತ್ತರಕ್ಕೆ ನಿಂತಿತ್ತು ಕಲ್ಲಿನ ಕುದುರೆ.

ಡ್ರೈವರ್: ಇದನ್ನ ಯಾವಾಗ ತಂದಿಟ್ರು?

ಹೆಂಡತಿ: ನೀವು ಹುಟ್ಟೋ ಮುಂಚೆ.

ಮುಂದೊಂದು ರಸ್ತೆ ಉಬ್ಬು. ಹಾರ್ನಣ್ಣ ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಕೊನೆಯ ಸೀಟಿನವರು ಅಷ್ಟೆತ್ತರ ಹಾರಿ ಕೂತರು.

ಹೆಂಡತಿ: ಅಬ್ಬ, ಸೊಂಟ ಹೋಯ್ತು. ನಿಮ್ಮ ಬಸ್ಸು ಹೀಗೆ ಎತ್ತಿ ಹಾಕಲ್ಲ.

ಡ್ರೈವರ್: ನಿನಗೇನು ಗೊತ್ತು?

ಹೆಂಡತಿ: ಜನ ಹೇಳ್ತಾರೆ.

ಡ್ರೈವರ್: ಹೌದಾ. ಯಾವ ಜನ?

ಹೆಂಡತಿ: ಇರ್ತಾರೆ ಬಿಡಿ, ಕೊನೇ ಸೀಟಿನ ಜನ.

ಡ್ರೈವರ್ ಹೂಂ ಎಂದ. ಆ ಹೂಂನಲ್ಲಿ ಬಹಳ ಅರ್ಥವಿತ್ತು. ಆದರೆ ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು.

*

ಕೆರೆಯಲ್ಲಿ ನೀರಿತ್ತು. ದಡದ ಸುತ್ತ ಕಲ್ಲಿನ ಬೆಂಚು, ಮರದ ನೆರಳು, ನಡುವೆ ಒಂದು ತೆರೆದ ಮಂಟಪ. ಮಂಟಪದಲ್ಲಿ ಒಬ್ಬೊಬ್ಬರೂ ಒಂದೊಂದು ದಿಕ್ಕಿನವರೆಂದು ನೋಡಿದರೇ ತಿಳಿಯುವಂಥ ಹತ್ತಾರು ಜನ, ತಮ್ಮ ತಮ್ಮ ಊರಿನ ವಾದ್ಯ ಹಿಡಿದು ಶ್ರುತಿ ಮಾಡಿಕೊಳ್ಳುತ್ತಿದ್ದರು. ಒಂದರ ಶ್ರುತಿಗೂ ಇನ್ನೊಂದರ ಶ್ರುತಿಗೂ ಸಂಬಂಧವಿರಲಿಲ್ಲ. ಅದರಿಂದ ಯಾರಿಗೂ ಬೇಸರವಿದ್ದಂತೆ ಕಾಣಲಿಲ್ಲ.

ಡ್ರೈವರ್ ಮಾತ್ರ ರಸ್ತೆಗೆ ಬೆನ್ನು ಹಾಕಿ, ಕೋಟಿನ ಕಾಲರ್ ಎತ್ತಿಕೊಂಡು, ಮರದಿಂದ ಮರಕ್ಕೆ ಮರೆಯಾಗಿ ನಡೆಯುತ್ತಿದ್ದ.

ಹೆಂಡತಿ: ಸಾಲಗಾರರ ಕಣ್ಣು ತಪ್ಪಿಸೋ ಹಾಗೆ ಯಾಕೆ ನಡೀತಿದ್ದೀರಿ?

ಡ್ರೈವರ್: ಬಿಸಿಲು.

ಹೆಂಡತಿ: ಮೋಡ ಇದೆ.

ಡ್ರೈವರ್: ಬರುತ್ತಲ್ಲ ಮುಂದೆ.

ಅಷ್ಟರಲ್ಲಿ ಗಿಡಗಳಿಗೆ ನೀರು ಹಾಕುತ್ತಿದ್ದ ಮಾಲಿ ಹೆಂಡತಿಗೆ ಕೈ ಎತ್ತಿದ. ಬೆಂಚಿನ ಮೇಲೆ ಹೆಣೆಯುತ್ತ ಕೂತಿದ್ದ ಇಬ್ಬರು ಹೆಂಗಸರು ಸರಿದು ಜಾಗ ಮಾಡಿಕೊಟ್ಟರು. ಮಂಟಪದಿಂದ ಎತ್ತರದ ಆಳೊಬ್ಬ ಓಡಿಬಂದು, ಅವಳ ಕೈಗೆ ಒಂದು ಜೊತೆ ಗಿಲಕಿ ಕೊಟ್ಟು, ತಡವಾಯಿತು ಎಂಬಂತೆ ಮಣಿಕಟ್ಟು ತೋರಿಸಿ ಹೋದ. ಡ್ರೈವರ್ ಬೆಪ್ಪಾಗಿ ನಿಂತ. ಇಷ್ಟು ವರ್ಷ ಈ ಬಡಾವಣೆಯ ಜನರನ್ನು ಹೊತ್ತು ತಿರುಗಿದವನು ಅವನು. ಅವನಿಗೆ ಕೈ ಎತ್ತುತ್ತಿದ್ದವರು ಬಸ್ಸು ತಪ್ಪಿಸಿಕೊಂಡವರು ಮಾತ್ರ.

ಡ್ರೈವರ್: ಇವರಿಗೆಲ್ಲ ನೀನು ಹೇಗೆ ಗೊತ್ತು?

ಹೆಂಡತಿ: ಯಾರೋ ಅಂದ್ಕೊಂಡಿರ್ತಾರೆ.

ಡ್ರೈವರ್: ಯಾರೋ ಅಂದ್ಕೊಂಡು ಗಿಲಕಿ ಕೊಡ್ತಾರಾ?

ಹೆಂಡತಿ: ಒಳ್ಳೆ ಜನ.

ಅವನು ಇನ್ನೊಂದು ಪ್ರಶ್ನೆ ಹೂಡುವಷ್ಟರಲ್ಲಿ ರಸ್ತೆಯ ಆಚೆಯಿಂದ ಕೂಗು ಕೇಳಿಸಿತು. ಬಸ್ ಸ್ಟಾಪಿಗೆ ನೇರ ಎದುರಿನ ಬೇಕರಿಯಿಂದ, ತೋಳಿಗೆಲ್ಲ ಹಿಟ್ಟು ಮೆತ್ತಿಕೊಂಡ ದಪ್ಪನೆಯ ಹೆಂಗಸು, ಬರುವ ಹೋಗುವ ಗಾಡಿಗಳನ್ನು ಅಂಗೈ ತೋರಿಸಿಯೇ ನಿಲ್ಲಿಸುತ್ತ ದಾಟಿ ಬಂದಳು. ಡ್ರೈವರ್ ಮರದ ಹಿಂದೆ ಸರಿದ. ಮರ ಸಣ್ಣದು. ಅವಳು ಅವನನ್ನು ಹೊರಗೆಳೆದು, ಮೇಲಿಂದ ಕೆಳಗೆ ನೋಡಿ, ಕೆನ್ನೆ ಒಳಗೆ ಎಳೆದುಕೊಂಡು ನೀನೆಷ್ಟು ಬಡಕಲಾಗಿದ್ದೀಯ ಎಂಬಂತೆ ಅಭಿನಯಿಸಿದಳು. ಆಮೇಲೆ ಕಾಗದದ ಪೊಟ್ಟಣವನ್ನು ಅವನ ಕೈಗೆ ತುರುಕಿದಳು. ಒಳಗೆ ಕೆನೆ ತುಂಬಿದ, ಸಕ್ಕರೆ ಉದುರಿಸಿದ ಬನ್ನು. ಜೇಬಿಗೆ ಹೋದ ಅವನ ಕೈಯನ್ನು ತಟ್ಟಿ, ದುಡ್ಡು ಬೇಡವೆಂದು ಸನ್ನೆ ಮಾಡಿ, ಹೆಂಡತಿಗೆ ತಲೆಬಾಗಿ ಹೊರಟುಹೋದಳು. ಇಷ್ಟೆಲ್ಲದರಲ್ಲಿ ಕನ್ನಡದ ಒಂದು ಪದವೂ ಇರಲಿಲ್ಲ. ಆದರೂ ಡ್ರೈವರಿನ ಮಾನ ಪೂರ್ತಿ ಹೋಗಿತ್ತು.

ಹೆಂಡತಿ: ಇವರಿಗೆಲ್ಲ ನೀವು ಹೇಗೆ ಗೊತ್ತು?

ಡ್ರೈವರ್: ಯಾರೋ ಅಂದ್ಕೊಂಡು...

ಹೆಂಡತಿ: ಯಾರೋ ಅಂದ್ಕೊಂಡು ಬನ್ನು ಕೊಡ್ತಾರಾ?

ಡ್ರೈವರ್: ಒಳ್ಳೆ ಜನ.

ಹೆಂಡತಿ: ಸಕ್ಕರೆ ಮುಟ್ಟಬೇಡಿ ಅಂತ ಡಾಕ್ಟರ್ ಹೇಳಿ ಎಷ್ಟು ಕಾಲ ಆಯ್ತು? ಮನೇಲಿ ಸಪ್ಪೆ ಕಾಫಿ ಕುಡಿದು ಮುಖ ಕಿವುಚ್ತೀರಿ, ಇಲ್ಲಿ ಕೆನೆ ಬನ್ನು. ಕೆರೇಲಿ ನೀರಿದೆಯೋ ಇಲ್ವೋ ಯಾಕೆ ಗೊತ್ತಿರಲಿಲ್ಲ ಅಂತ ಈಗ ಅರ್ಥ ಆಯ್ತು. ಕೆರೆಗೆ ಬೆನ್ನು, ಬೇಕರಿಗೆ ಮುಖ.

ಡ್ರೈವರ್: ತಿನ್ನೋದು ಬಿಟ್ಟು ತಿಂಗಳುಗಟ್ಟಲೆ ಆಯ್ತು ಕಣೇ. ಅದಕ್ಕೇ ಅಲ್ವಾ ಅವಳು ಬಡಕಲಾದೆ ಅಂದಿದ್ದು.

ಹೆಂಡತಿ: ನಾನು ನಂಬಬೇಕಾ?

ಡ್ರೈವರ್: ನೀನು ನಂಬೋದೇನು ಬಂತು? ನೀನೇ ನೋಡಿದ್ದೀಯಲ್ಲ, ಕಣ್ಣಾರೆ, ಕೊನೇ ಸೀಟಲ್ಲಿ ಕೂತು.

ಗಿಲಕಿ ಹೆಂಡತಿಯ ಕೈಯಿಂದ ಜಾರಿ ಬೆಂಚಿನ ಮೇಲೆ ಬಿದ್ದು ಒಂದು ಸಲ ಘಲ್ಲೆಂದಿತು.

ಹೆಂಡತಿ: ನಿಮಗೆ ಗೊತ್ತಿತ್ತಾ?

ಡ್ರೈವರ್: ಡ್ರೈವರಿಗೆ ಹಿಂದೆ ನೋಡಕ್ಕೆ ಒಂದು ಕನ್ನಡಿ ಕೊಟ್ಟಿರ್ತಾರೆ ಕಣೇ. ಹಿಂದಿನ ಬಾಗಿಲಿಂದ ಹತ್ತೋದು, ಕೊನೇ ಸೀಟಲ್ಲಿ ಕೂರೋದು, ಪೇಪರನ್ನ ಮುಖಕ್ಕೆ ಅಡ್ಡ ಹಿಡಿಯೋದು. ಅದೂ ಅಜ್ಜಿ ಪೇಪರು. ಬರದೇ ಇರೋ ಭಾಷೇನ ಅಷ್ಟು ಶ್ರದ್ಧೆಯಿಂದ ಓದೋಳು ಬೇಹುಗಾರಿಕೆಗೆ ಬಂದಿಲ್ಲದೆ ಇನ್ಯಾಕೆ ಬರ್ತಾಳೆ? ಬನ್ನಿನ ವಾಸನೆ ಇವಳ ಮೂಗಿಗೆ ಬಿದ್ದಿದೆ, ಹಿಡಿಯಕ್ಕೆ ಬಂದಿದ್ದಾಳೆ ಅಂದ್ಕೊಂಡೆ. ಅವತ್ತಿಂದ ಬೇಕರಿ ಕಡೆ ತಿರುಗಿ ನೋಡಿಲ್ಲ. ಬಸ್ಸಿನ ಸುತ್ತ ಪ್ರದಕ್ಷಿಣೆ ಹಾಕ್ತಾ ಟೈರು ಒದೀತಾ ಇರ್ತಿದ್ದೆ.

ಹೆಂಡತಿ: ಟೈರಲ್ಲಿ ಏನೋ ತೊಂದರೆ ಅಂತ ನಾನು ಎಷ್ಟು ಭಯಪಟ್ಟೆ ಗೊತ್ತಾ?

ಡ್ರೈವರ್: ಮತ್ತೆ ಯಾಕೆ ಬರ್ತಿದ್ದೆ?

ಅವಳು ಬೆಂಚಿನ ಮೇಲೆ ಕೂತು ಗಿಲಕಿಯನ್ನು ತೊಡೆಯ ಮೇಲಿಟ್ಟುಕೊಂಡಳು. ಮಂಟಪದಲ್ಲಿ ಪಾಪ, ಅವಳಿಗಾಗಿ ಕಾದು ಕಾದು ಅವರೇ ಶುರು ಮಾಡಿದ್ದರು.

ಹೆಂಡತಿ: ನೀವು ಕೆಲಸಕ್ಕೆ ಹೋದ್ಮೇಲೆ ಮನೆ ಬಿಕೋ ಅನ್ನೋದು. ನಿಮ್ಮ ಡಿಪೋದವರು ಕೊಟ್ಟ ಪಾಸಿತ್ತು. ಒಂದಿನ ಸುಮ್ನೆ ನಿಮ್ಮ ಬಸ್ಸು ಹತ್ತಿದೆ. ನೀವು ಮಾತಾಡಿಸದಿದ್ರೂ, ತಿರುಗಿ ನೋಡದಿದ್ರೂ, ನೀವು ಓಡಿಸೋ ಬಸ್ಸಲ್ಲಿ ಕೂತ್ರೆ ನೀವೇ ಕರ್ಕೊಂಡು ಹೋಗ್ತಿದ್ದೀರಿ ಅನ್ನಿಸ್ತಿತ್ತು. ಒಂದಿನ ಲೈಬ್ರರೀಲಿ ಇಳಿದೆ, ಒಂದಿನ ಮ್ಯೂಸಿಯಂ, ಒಂದಿನ ಇಲ್ಲಿ. ಗುರುತಾದ್ರು, ಗಿಲಕಿ ಕೊಟ್ರು. ಪೇಪರ್ ಅಡ್ಡ ಹಿಡೀತಿದ್ದಿದ್ದು ನೀವು ನೋಡಿ ಬೈತೀರಿ ಅಂತ. ನಾಳೆಯಿಂದ ಆ ಬಸ್ಸೂ ಇಲ್ಲ. ಅದಕ್ಕೇ ಇವತ್ತೊಂದಿನ ಪಕ್ಕದಲ್ಲಿ ಕೂತ್ಕೊಳ್ಳಿ ಅಂದಿದ್ದು. ಬನ್ನಿನ ಸುದ್ದಿ ನನಗೆ ಈಗಲೇ ಗೊತ್ತಾಗಿದ್ದು.

ಡ್ರೈವರಿಗೆ ನಾಚಿಕೆಯಾಯಿತು, ಸಂತೋಷವೂ ಆಯಿತು. ಎರಡೂ ಒಟ್ಟಿಗೆ ಆದದ್ದರಿಂದ ಕೈಯಲ್ಲಿದ್ದ ಪೊಟ್ಟಣವನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ. ಅವಳ ಪಕ್ಕ ಕೂತ.

ಡ್ರೈವರ್: ನಿಮ್ಮ ಬಸ್ಸು ಎತ್ತಿ ಹಾಕಲ್ಲ ಅಂದೆಯಲ್ಲ ಆಗ.

ಹೆಂಡತಿ: ಹೂಂ.

ಡ್ರೈವರ್: ಎತ್ತಿ ಹಾಕುತ್ತೆ. ಕೊನೇ ಸೀಟಿನವರನ್ನ ಎಲ್ಲಾ ಬಸ್ಸೂ ಎತ್ತಿ ಹಾಕುತ್ತೆ. ಕನ್ನಡೀಲಿ ಹಸಿರು ಶಾಲು ಕಂಡ ದಿನ ಮಾತ್ರ ಆ ಉಬ್ಬಿನ ಮೇಲೆ ತುಂಬಿದ ಕೊಡ ಹೊತ್ಕೊಂಡ ಹಾಗೆ ಹೋಗ್ತಿದ್ದೆ. ಹಿಂದಿನ ಗಾಡಿಯವರೆಲ್ಲ ಬಾಯಿಗೆ ಬಂದ ಹಾಗೆ ಬೈತಿದ್ರು.

ಹೆಂಡತಿ: ಹಿಡಿಯಕ್ಕೆ ಬಂದಿದ್ದಾಳೆ ಅಂದ್ಕೊಂಡೂ?

ಡ್ರೈವರ್: ಬೇಹುಗಾರ್ತಿಯಾದ್ರೇನು, ಸೊಂಟ ನನ್ನ ಹೆಂಡತೀದೇ ಅಲ್ವಾ?

ಅವಳು ನಕ್ಕಳು. ಪೊಟ್ಟಣ ಕಿತ್ತುಕೊಂಡು ಬನ್ನಿನಲ್ಲಿ ಒಂದು ಚೂರು, ಬಹಳ ಸಣ್ಣ ಚೂರು, ಅವನಿಗೆ ಕೊಟ್ಟು ಉಳಿದದ್ದನ್ನು ತಾನು ತಿಂದಳು. ಆಮೇಲೆ ಮಂಟಪಕ್ಕೆ ಹೋಗಿ ಗಿಲಕಿ ಬಾರಿಸಿದಳು. ತಾಳ ಎಲ್ಲೋ, ಗಿಲಕಿ ಎಲ್ಲೋ. ಡ್ರೈವರ್ ಮಾತ್ರ ಕೆರೆಗೆ ಮುಖ ಮಾಡಿ, ಕಾಲರ್ ಇಳಿಸಿಕೊಂಡು, ಕೊನೆಯವರೆಗೂ ಕೂತು ಕೇಳಿದ.

*

ವಾಪಸ್ಸು ಹೋಗುವಾಗಲೂ ಹಾರ್ನಣ್ಣನ ಬಸ್ಸೇ. ಇಬ್ಬರೂ ಹಿಂದಿನ ಬಾಗಿಲಿನಿಂದಲೇ ಹತ್ತಿದರು.

ಹೆಂಡತಿ: ಹೊಸ ರೂಟಲ್ಲಿ ನೋಡೋದಕ್ಕೆ ಏನಿದೆ?

ಡ್ರೈವರ್: ಏನೂ ಇಲ್ಲ. ಗೋದಾಮು, ಗೋಡೆ, ಮತ್ತೆ ಗೋದಾಮು.

ಹೆಂಡತಿ: ನೋಡಿದ್ದೋ, ಬೋರ್ಡು ಓದಿದ್ದೋ?

ಡ್ರೈವರ್: ಓದಿದ್ದು.

ಹೆಂಡತಿ: ಹಾಗಾದ್ರೆ ನಾನೇ ಬಂದು ನೋಡ್ಬೇಕು. ಬೆಳಕು ಹರಿದ ಮೇಲಿನ ಟ್ರಿಪ್ಪಲ್ಲಿ.

ಡ್ರೈವರ್: ಬಾ. ಆದರೆ ಅಜ್ಜಿ ಪೇಪರ್ ತರಬೇಡ. ಮುಂದಿನ ಬಾಗಿಲಿಂದ ಹತ್ತಿ ಮೊದಲನೇ ಸೀಟಲ್ಲಿ ಕೂತ್ಕೋ.

ಹೆಂಡತಿ: ಮಾತಾಡಬಹುದಾ?

ಡ್ರೈವರ್: ಚಾಲಕರೊಡನೆ ಮಾತನಾಡಬಾರದು ಅಂತ ಬೋರ್ಡಿದೆ, ನನ್ನ ತಲೆ ಹಿಂದೇನೇ.

ಹೆಂಡತಿ: ಬೋರ್ಡು ಓದೋದು ಡ್ರೈವರಿನ ಕೆಲಸ ಅಂತ ಬೆಳಿಗ್ಗೆ ಯಾರೋ ಹೇಳಿದ್ರು. ನಾನು ಪ್ರಯಾಣಿಕಳು.

ಹಾರ್ನಣ್ಣ ಮತ್ತೆ ಆ ಉಬ್ಬು ಹಾರಿಸಿದ. ಈ ಸಲ ಕೊನೆಯ ಸೀಟಿನಲ್ಲಿ ಎರಡು ಬಲಗಾಲು ಒಟ್ಟಿಗೆ ನೆಲ ಒತ್ತಿದವು.

ಡ್ರೈವರ್: ಒಂದು ಮಾತು ಈಗಲೇ ಹೇಳಿಬಿಡ್ತೀನಿ, ಆಮೇಲೆ ಅನುಮಾನ ಪಡಬೇಡ. ಆ ರೂಟಿನ ಕೊನೇ ಸ್ಟಾಪಲ್ಲಿ ಬೇಕರಿ ಇಲ್ಲ.

ಹೆಂಡತಿ: ಬೋರ್ಡು ಬಿಟ್ಟು ಬೇರೇನೂ ನೋಡದವರಿಗೆ ಅದು ಹೇಗೆ ಗೊತ್ತಾಯ್ತು?

ಡ್ರೈವರ್: ಅದೊಂದನ್ನ ಮಾತ್ರ ಇಳಿದು ಹೋಗಿ ನೋಡಿ ಬಂದೆ.